ನಿಮಗಿದು ಗೊತ್ತೆ? ತಲೆಸುತ್ತಿನ ಮೂಲ ಒಳಕಿವಿಯಲ್ಲೂ ಇರಬಹುದು

ತಲೆ ಸುತ್ತಿದರೆ ಪಿತ್ತ, ಬಿ.ಪಿ., ನಿಶ್ಶಕ್ತಿ ಎಂದುಬಿಡುತ್ತೇವೆ. ಆದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಂತರೆ ಮೊದಲು ಶಂಕಿಸಬೇಕಾದದ್ದು ಒಳಕಿವಿಯನ್ನು. ಅಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಜಾಗ ತಪ್ಪಿ ಅರ್ಧವರ್ತುಲ ನಾಳಕ್ಕೆ ಜಾರಿದರೆ, ತಲೆ ಹೊರಳಿದಾಗ ಒಳಗಿನ ದ್ರವವನ್ನು ಕದಡಿ, ದೇಹ ತಿರುಗುತ್ತಿದೆ ಎಂಬ ಸುಳ್ಳು ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಕಿವಿ ಚೆನ್ನಾಗಿಯೇ ಕೇಳಿಸುತ್ತದಲ್ಲ ಎಂಬ ಆಕ್ಷೇಪ ಸಹಜ. ಸಮತೋಲದ ಅಂಗ, ಶ್ರವಣದ ಅಂಗ ಅಕ್ಕಪಕ್ಕದಲ್ಲಿದ್ದರೂ ಬೇರೆ ಬೇರೆ. ಒಂದು ಕೆಟ್ಟರೆ ಇನ್ನೊಂದು ಕೆಡಲೇಬೇಕೆಂದಿಲ್ಲ. ಎರಡೂ ಕೆಡುವ ಕಾಯಿಲೆಯೂ ಉಂಟು: ಗಂಟೆಗಟ್ಟಲೆ ತಲೆಸುತ್ತು, ಕಿವಿಯಲ್ಲಿ ಮೊರೆತ, ಜೊತೆಗೆ ಕಿವಿ ಮಂದ. ಅದು ಮಿದುಳಿನದಲ್ಲ, ಒಳಕಿವಿಯದು ಎಂದು 1861ರಲ್ಲಿ ಪ್ಯಾರಿಸ್‌ನಲ್ಲಿ ವಾದಿಸಿದವರು ಪ್ರಾಸ್ಪರ್ ಮೆನಿಯೇರ್. ರೋಗಕ್ಕೆ ಅವರದೇ ಹೆಸರು.

ಹರಳಿನ ತೊಂದರೆಗೆ ಬಲವಾದ ಪುರಾವೆ ಅದರ ಚಿಕಿತ್ಸೆಯೇ. ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ನಾಳದಿಂದ ಹೊರತರುವ ಎಪ್ಲಿ ವಿಧಾನದಿಂದ ಬಹಳಷ್ಟು ಮಂದಿ ಮಾತ್ರೆಯಿಲ್ಲದೆ ಗುಣವಾಗುತ್ತಾರೆ. ಹಾಗೆಂದು ಎಲ್ಲವನ್ನೂ ಕಿವಿಯ ತಲೆಗೆ ಕಟ್ಟುವುದು ಅಪಾಯ. ಎದ್ದು ನಿಂತಾಗ ಮಾತ್ರ ಕಣ್ಣಿಗೆ ಕತ್ತಲೆ ಕವಿದರೆ ರಕ್ತದೊತ್ತಡ ಕುಸಿದಿರಬಹುದು. ತಲೆಸುತ್ತಿನೊಂದಿಗೆ ಮಾತು ತೊದಲಿದರೆ, ವಸ್ತು ಎರಡಾಗಿ ಕಂಡರೆ, ನಿಲ್ಲಲೂ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.