ಅಮೇರಿಕಾ ದೇಶದ ಚರಿತ್ರೆಯನ್ನೂ ರಾಜ್ಯಾಂಗವನ್ನೂ ಮಕ್ಕಳೊಡನೆ ಅಂತರಜಾಲದಲ್ಲಿ ಓದುವ ಬಗೆ

ನಮ್ಮ ಶಾಲೆಯಲ್ಲಿ ಕಲಿತು, ವಿವಾಹದ ನಿಮಿತ್ತವಾಗಿಯೋ ಉದ್ಯೋಗದ ನಿಮಿತ್ತವಾಗಿಯೋ ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರು ನಮಗೆ ಬರೆಯುವ ಪತ್ರಗಳಲ್ಲಿ ಒಂದು ಚಿಂತೆಯು ಮೇಲಿಂದ ಮೇಲೆ ಕಾಣಬರುತ್ತದೆ. ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ಮಕ್ಕಳಿಗೆ ಸಹಾಯ ಮಾಡಬಲ್ಲ ಈ ತಾಯಂದಿರು ಚರಿತ್ರೆಯ ಪಾಠ ಬಂದೊಡನೆ ಸುಮ್ಮನಾಗಬೇಕಾಗುತ್ತದೆ. ಅಶೋಕನ ಶಾಸನಗಳನ್ನೂ ವಿಜಯನಗರದ ಪತನವನ್ನೂ ಓದಿ ಬೆಳೆದವರಿಗೆ ಜೆಫರ್ಸನ್ ಯಾರು, ಸೆನೆಟ್ ಸಭೆಗೂ ಪ್ರತಿನಿಧಿಗಳ ಸಭೆಗೂ ಭೇದವೇನು ಎಂಬುದು ತಿಳಿಯದಿರುವುದು ಸಹಜವೇ ಸರಿ. "ಅಮ್ಮಾ, ಇದು ನಿನಗೆ ಗೊತ್ತಾಗುವುದಿಲ್ಲ" ಎಂದು ಹತ್ತು ವರುಷದ ಮಗಳು ಪುಸ್ತಕವನ್ನು ಮುಚ್ಚಿಕೊಂಡು ಎದ್ದುಹೋದಳೆಂದು ಒಬ್ಬಾಕೆ ಬರೆದಿದ್ದಾಳೆ. ಇದು ಸಣ್ಣ ಮಾತಲ್ಲ. ತಾನು ಬೆಳೆಯುವ ದೇಶದ ಕಥೆಯಲ್ಲಿ ತನ್ನ ತಾಯಿಗೆ ಪಾಲಿಲ್ಲವೆಂದು ಮಗುವು ಒಮ್ಮೆ ತೀರ್ಮಾನಿಸಿತೆಂದರೆ, ಆ ತೀರ್ಮಾನವು ಚರಿತ್ರೆಯ ಪಾಠದ ಮೇರೆಯೊಳಗೆ ನಿಲ್ಲಲಾರದು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಲು ಉದ್ದೇಶಿಸಿದ್ದೇವೆ.

ಮೊದಲನೆಯದಾಗಿ, ಎಲ್ಲಿ ಹುಡುಕಬೇಕು? ಅಂತರಜಾಲದಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಅದರ ವಿಪುಲತೆಯೇ ತೊಡಕು. ಮೂಲಪತ್ರಗಳನ್ನು ಕಾಪಾಡಿಕೊಂಡಿರುವ ಸಂಸ್ಥೆಗಳ ಬಾಗಿಲನ್ನೇ ನೇರವಾಗಿ ತಟ್ಟುವುದು ಉತ್ತಮವೆಂದು ನಮ್ಮ ಅಭಿಪ್ರಾಯ. ಅವುಗಳಲ್ಲಿ ಅಗ್ರಗಣ್ಯವಾದುದು ವಾಷಿಂಗ್ಟನ್ ನಗರದಲ್ಲಿರುವ ಲೈಬ್ರರಿ ಆಫ್ ಕಾಂಗ್ರೆಸ್. 1800ರಲ್ಲಿ ಸ್ಥಾಪಿತವಾದ ಈ ಗ್ರಂಥಾಲಯವು 1814ರಲ್ಲಿ ಬ್ರಿಟಿಷ್ ಸೈನ್ಯದವರು ಹಚ್ಚಿದ ಬೆಂಕಿಗೆ ಆಹುತಿಯಾಯಿತು. ಮರುವರುಷ ಥಾಮಸ್ ಜೆಫರ್ಸನ್ನನ ಸ್ವಂತ ಸಂಗ್ರಹದ 6,487 ಗ್ರಂಥಗಳನ್ನು 23,950 ಡಾಲರುಗಳಿಗೆ ಕೊಂಡು ಅದನ್ನು ಮತ್ತೆ ಕಟ್ಟಿದರು. ಎರಡನೆಯದು 1934ರಲ್ಲಿ ಏರ್ಪಟ್ಟ ರಾಷ್ಟ್ರೀಯ ದಸ್ತಾವೇಜುಖಾನೆ, ಅಂದರೆ ನ್ಯಾಷನಲ್ ಆರ್ಕೈವ್ಸ್. ಸ್ವಾತಂತ್ರ್ಯ ಘೋಷಣೆಯ ಮತ್ತು ರಾಜ್ಯಾಂಗದ ಮೂಲ ಚರ್ಮಪತ್ರಗಳು ಅಲ್ಲಿವೆ. ಶಾಲೆಗಳಿಗೆಂದೇ ಈ ಸಂಸ್ಥೆಯು ನಡೆಸುವ 'ಡಾಕ್ಸ್‌ಟೀಚ್' ಎಂಬ ತಾಣವು ಬೇರೆ ಉಂಟು. ವಿಳಾಸದ ಕೊನೆಯಲ್ಲಿ 'ಡಾಟ್ ಗವ್' ಎಂದಿದ್ದರೆ ಅದು ಆ ದೇಶದ ಯಾವುದಾದರೊಂದು ಸರಕಾರಿ ಸಂಸ್ಥೆಯದೆಂದು ತಿಳಿಯತಕ್ಕದ್ದು. ಅನ್ಯರಿಗೆ ಆ ಅಂತ್ಯವನ್ನು ಕೊಡುವುದಿಲ್ಲ. ಅದಲ್ಲದೆ, ಕೇಂದ್ರ ಸರಕಾರದ ನೌಕರರು ತಮ್ಮ ಕೆಲಸದ ಅಂಗವಾಗಿ ರಚಿಸಿದ ಬರೆಹ ಚಿತ್ರಗಳಿಗೆ ಆ ದೇಶದಲ್ಲಿ ಗ್ರಂಥಸ್ವಾಮ್ಯವಿಲ್ಲವಾದುದರಿಂದ ಅವುಗಳನ್ನು ಅಚ್ಚುಹಾಕಿಸಿ ಪಾಠಕ್ಕೆ ಬಳಸಲು ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.

ಇನ್ನು ಓದುವ ಬಗೆ. ತಾರೀಖುಗಳ ಪಟ್ಟಿಯಿಂದ ಆರಂಭಿಸಬಾರದು. ಒಂದೇ ಒಂದು ಕಾಗದದಿಂದ ಆರಂಭಿಸಬೇಕು. ನಾವು ಆರಿಸಿಕೊಡುವುದಾದರೆ ಜೆಫರ್ಸನ್ನನು 1776ರಲ್ಲಿ ಬರೆದ ಸ್ವಾತಂತ್ರ್ಯ ಘೋಷಣೆಯ ಕರಡು ಪ್ರತಿಯನ್ನೇ ಆರಿಸುವೆವು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ತಾಣದಲ್ಲಿ ಅದರ ಪುಟಗಳು ನೋಡಸಿಗುತ್ತವೆ. ತಮ್ಮ ಪ್ರಬಂಧಗಳಲ್ಲಿ ಕೆಂಪು ಗೆರೆಗಳನ್ನು ಕಂಡು ಮುಖ ಸಪ್ಪಗೆ ಮಾಡುವ ಮಕ್ಕಳಿಗೆ ಈ ಪುಟಗಳು ಬಹಳ ಸಮಾಧಾನ ಕೊಡುವುವೆಂದು ಬಲ್ಲೆವು. ಯಾಕಂದರೆ ಅಷ್ಟು ದೊಡ್ಡ ಬರೆಹವೂ ಹೊಡೆದುಹಾಕಿದ ಸಾಲುಗಳಿಂದ ತುಂಬಿದೆ. ಫ್ರಾಂಕ್ಲಿನ್ ಮತ್ತು ಜಾನ್ ಆಡಮ್ಸ್ ಸೂಚಿಸಿದ ತಿದ್ದುಪಡಿಗಳೂ ಅದರಲ್ಲಿವೆ. ಗುಲಾಮರ ವ್ಯಾಪಾರದ ಪಾಪವನ್ನು ಇಂಗ್ಲೆಂಡಿನ ಅರಸನ ಮೇಲೆ ಹೊರಿಸಿದ ಒಂದು ದೀರ್ಘ ಭಾಗವನ್ನು ಮಹಾಸಭೆಯವರು ತೆಗೆದುಹಾಕಿದರೆಂಬುದು ಕರಡನ್ನೂ ಅಂತಿಮ ಪ್ರತಿಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ಮಗುವಿಗೇ ಗೊತ್ತಾಗುತ್ತದೆ. ಆಗ ಅದು ಯಾಕೆ ಎಂದು ಕೇಳುವುದು. ಎಲ್ಲ ಮನುಷ್ಯರೂ ಸಮಾನರೆಂದು ಬರೆದ ಈ ಪುರುಷನು ತನ್ನ ಜೀವಮಾನದಲ್ಲಿ ಆರುನೂರಕ್ಕಿಂತ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದನೆಂಬುದನ್ನು ಆ ಹೊತ್ತಿನಲ್ಲಿ ಮರೆಮಾಚದೆ ಹೇಳಬೇಕು.

ಇದೇ ಕರಡಿನಲ್ಲಿ ಇನ್ನೊಂದು ಸೋಜಿಗವುಂಟು. ಒಂದೆಡೆ ಜೆಫರ್ಸನ್ನನು ಮೊದಲು ಬರೆದ ಶಬ್ದವನ್ನು ಶಾಯಿ ಒಣಗುವ ಮುನ್ನವೇ ಒರಸಿ, ಅದರ ಮೇಲೆಯೇ 'ಸಿಟಿಜನ್ಸ್' ಎಂದು ಬರೆದಿದ್ದನು. ಕೆಳಗಿದ್ದ ಶಬ್ದವು 'ಸಬ್ಜೆಕ್ಟ್ಸ್' ಎಂಬುದನ್ನು ಗ್ರಂಥಾಲಯದ ಶಾಸ್ತ್ರಜ್ಞರು ಬೇರೆ ಬೇರೆ ತರಂಗಾಂತರಗಳ ಬೆಳಕಿನಲ್ಲಿ ಚಿತ್ರ ತೆಗೆದು 2010ರಲ್ಲಿ ಪ್ರಕಟಿಸಿದರು. ಅರಸನಿಗೆ ಅಧೀನರಾದವರು ಎಂಬ ಅರ್ಥವನ್ನು ಅಳಿಸಿ, ರಾಜ್ಯದಲ್ಲಿ ಹಕ್ಕುಳ್ಳವರು ಎಂಬ ಅರ್ಥವನ್ನು ಆ ಲೇಖನಿಯು ಹಿಡಿದುಕೊಂಡಿತು.

ಇಲ್ಲಿಯೇ ಕನ್ನಡ ಬಲ್ಲ ತಾಯಿಯು ಬಾಯಿ ತೆರೆಯಬಹುದು. ಈ ಎರಡು ಶಬ್ದಗಳಿಗೂ ನಮ್ಮ ಭಾಷೆಯಲ್ಲಿ 'ಪ್ರಜೆ' ಎಂಬ ಒಂದೇ ಮಾತು ಬಹುಕಾಲ ಸಾಕಾಯಿತು. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಸಂತಾನವೆಂಬ ಅರ್ಥವೂ ಉಂಟು. ಅರಸನು ತಂದೆ, ಜನರು ಮಕ್ಕಳು. ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾದಾಗ ಸಿಂಹಾಸನವೂ ಇತ್ತು, ಪ್ರಜೆಗಳೂ ಇದ್ದರು. ಅರಿಕೆ ಮಾಡಿಕೊಳ್ಳುವುದಕ್ಕೆ ಮೀರಿದ ಅಧಿಕಾರವು ಆ ಸಭೆಗೆ ಆರಂಭದಲ್ಲಿ ಇರಲಿಲ್ಲ. 1950ರಲ್ಲಿ ನಮ್ಮ ಸಂವಿಧಾನವು ಜಾರಿಗೆ ಬಂದ ಮೇಲೂ ನಾವು ಆ ಶಬ್ದವನ್ನು ಬಿಡದೆ, ಅದರ ಅರ್ಥವನ್ನೇ ಬದಲಿಸಿಕೊಂಡೆವು. ಜೆಫರ್ಸನ್ನನು ಒರಸಿದನು, ನಾವು ಒರಸದೆ ದಾಟಿದೆವು. ಇದನ್ನು ಆ ಮಗುವಿಗೆ ಅಮೇರಿಕೆಯ ಉಪಾಧ್ಯಾಯಿನಿಯು ಹೇಳಲಾರಳು, ಅದರ ತಾಯಿಯೇ ಹೇಳಬೇಕು.

ರಾಜ್ಯಾಂಗದ ರಚನೆಯನ್ನು ಕಲಿಸಲು ಬೇರೆ ಸಾಧನಗಳಿವೆ. ಸರಕಾರದ ಪ್ರಕಟಣಾ ಕಚೇರಿಯವರು ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರಿನಲ್ಲಿ 'ಬೆನ್ಸ್ ಗೈಡ್' ಎಂಬ ತಾಣವನ್ನು ಮಕ್ಕಳಿಗಾಗಿ ಏರ್ಪಡಿಸಿದ್ದಾರೆ. ಶಾಸನಾಂಗ, ಕಾರ್ಯಾಂಗ, ನ್ಯಾಯಾಂಗಗಳ ವಿವರಣೆಯು ಅದರಲ್ಲಿ ವಯಸ್ಸಿಗೆ ತಕ್ಕ ಹಾಗೆ ಸಿಗುತ್ತದೆ. ಸ್ವಲ್ಪ ದೊಡ್ಡ ಮಕ್ಕಳಿಗೆ 'ಐಸಿವಿಕ್ಸ್' ರುಚಿಸುವುದು. 1981ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಪ್ರಥಮ ಮಹಿಳಾ ನ್ಯಾಯಮೂರ್ತಿಯಾದ ಸಾಂಡ್ರಾ ಡೇ ಓಕಾನರ್ ಅವರು ನಿವೃತ್ತರಾದ ಬಳಿಕ, 2009ರಲ್ಲಿ, ಇದನ್ನು ಸ್ಥಾಪಿಸಿದರು. ಇದರಲ್ಲಿ ಆಟವಾಡುತ್ತ ಮಕ್ಕಳು ಅಧ್ಯಕ್ಷ ಪದವಿಗೆ ಸ್ಪರ್ಧಿಸುತ್ತಾರೆ, ವಕೀಲರಾಗಿ ಜನರ ಹಕ್ಕುಗಳನ್ನು ಪರಿಶೀಲಿಸುತ್ತಾರೆ. ಆಟವೆಂದರೆ ಹುಬ್ಬು ಗಂಟಿಕ್ಕುವ ತಂದೆಯವರು ಒಮ್ಮೆ ತಾವೇ ಆಡಿನೋಡುವುದು ಲೇಸು. 538 ಚುನಾಯಕರಲ್ಲಿ 270 ಮಂದಿಯ ಮತವು ಯಾಕೆ ಬೇಕೆಂಬುದು ಬೇರಾವ ಉಪನ್ಯಾಸದಿಂದಲೂ ಅಷ್ಟು ಬೇಗ ಮನಸ್ಸಿಗೆ ಹತ್ತಲಾರದು.

ರಾಜ್ಯಾಂಗಕ್ಕೆ ಈವರೆಗೆ 27 ತಿದ್ದುಪಡಿಗಳಾಗಿವೆ. ಕೊನೆಯದರ ಕಥೆಯನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು. ಪ್ರತಿನಿಧಿಗಳ ಸಂಬಳದ ಬದಲಾವಣೆಯು ಮುಂದಿನ ಚುನಾವಣೆಯ ತರುವಾಯವೇ ಜಾರಿಗೆ ಬರತಕ್ಕದ್ದೆಂಬ ಆ ಸೂಚನೆಯು 1789ರಲ್ಲಿಯೇ ಹೊರಟು, ಸಾಕಷ್ಟು ಸಂಸ್ಥಾನಗಳು ಒಪ್ಪದೆ ಮೂಲೆಗೆ ಬಿದ್ದಿತ್ತು. 1982ರಲ್ಲಿ ಟೆಕ್ಸಾಸಿನ ಒಬ್ಬ ವಿದ್ಯಾರ್ಥಿಯು ಅದು ಇನ್ನೂ ಸತ್ತಿಲ್ಲವೆಂದು ಪ್ರಬಂಧ ಬರೆದು 'ಸಿ' ದರ್ಜೆಯನ್ನು ಪಡೆದನು. ಛಲ ಹಿಡಿದು ಸಂಸ್ಥಾನದಿಂದ ಸಂಸ್ಥಾನಕ್ಕೆ ಪತ್ರ ಬರೆಯುತ್ತ ಹೋದನು. 1992ರಲ್ಲಿ ಅದು ರಾಜ್ಯಾಂಗದ ಭಾಗವಾಯಿತು. ಅವನ ದರ್ಜೆಯನ್ನು 2017ರಲ್ಲಿ 'ಎ' ಎಂದು ತಿದ್ದಿದರು. ಪರೀಕ್ಷಾ ಪತ್ರಿಕೆಗಳನ್ನು ತಿದ್ದುವ ನಮ್ಮಂಥವರೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕಷ್ಟವಾದ ಸಂಗತಿಗಳನ್ನು ಮಕ್ಕಳಿಂದ ದೂರವಿಡಬೇಕೇ ಎಂದು ಕೆಲವರು ಕೇಳುತ್ತಾರೆ. ವಯಸ್ಸನ್ನು ನೋಡಿಕೊಂಡು ತೋರಿಸಬೇಕು, ಆದರೆ ಬಚ್ಚಿಡಬಾರದು. 1936ರಿಂದ 1938ರವರೆಗೆ ಸರಕಾರದ ಬರೆಹಗಾರರು ಹಿಂದೆ ಗುಲಾಮರಾಗಿದ್ದ ವೃದ್ಧರನ್ನು ಕಂಡು, ಅವರ ಮಾತುಗಳನ್ನು ಬರೆದುಕೊಂಡರು; 2,300ಕ್ಕೂ ಹೆಚ್ಚು ಇಂಥ ಹೇಳಿಕೆಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಅವುಗಳನ್ನು ಓದುವಾಗ, ಬರೆದುಕೊಂಡವರಲ್ಲಿ ಬಹುಮಂದಿ ಬಿಳಿಯರಾಗಿದ್ದರೆಂಬುದನ್ನೂ, ಅವರ ಎದುರಿನಲ್ಲಿ ಆ ಮುದುಕಿಯು ಮನಬಿಚ್ಚಿ ಮಾತಾಡಿರಬಹುದೇ ಎಂಬುದನ್ನೂ ಮಗುವಿನೊಡನೆ ಚರ್ಚಿಸಬೇಕು. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾರು ಬರೆದುಕೊಂಡರು ಎಂಬ ಈ ವಿಚಾರಣೆಯೇ ಚರಿತ್ರೆಯ ಅಭ್ಯಾಸ.

ನಮ್ಮವರ ಕಥೆಯೂ ಅಲ್ಲಿ ಇಲ್ಲದಿಲ್ಲ. ಅಮೇರಿಕೆಯ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಎಂಬವರು ಪೌರತ್ವವನ್ನು ಬೇಡಿದಾಗ, ಭಾರತೀಯರು ಕಾನೂನಿನಲ್ಲಿ ಹೇಳಿದ ಬಿಳಿಯರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1923ರಲ್ಲಿ ತೀರ್ಪಿತ್ತಿತು. ಬಾಗಿಲು ತೆರೆದದ್ದು 1946ರಲ್ಲಿ. ಅದೂ ವರುಷಕ್ಕೆ ನೂರು ಜನರಷ್ಟೇ ಬರಬಹುದೆಂಬ ಕಟ್ಟಳೆಯೊಡನೆ. ಹತ್ತು ವರುಷಗಳ ತರುವಾಯ, 1956ರಲ್ಲಿ, ಪಂಜಾಬಿನಲ್ಲಿ ಹುಟ್ಟಿದ ದಲೀಪ್ ಸಿಂಗ್ ಸೌಂದ್ ಅವರು ಕ್ಯಾಲಿಫೋರ್ನಿಯಾದಿಂದ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ದಕ್ಷಿಣ ಏಷ್ಯಾದವರ ಹಳೆಯ ಪತ್ರಗಳನ್ನೂ ಚಿತ್ರಗಳನ್ನೂ ಕೂಡಿಸಿ ಅಂತರಜಾಲದಲ್ಲಿ ಇಟ್ಟಿರುವ 'ಸಾದಾ' ಎಂಬ ಸಂಗ್ರಹವು 2008ರಿಂದ ನಡೆಯುತ್ತಿದೆ. "ಇದು ನಿನಗೆ ಗೊತ್ತಾಗುವುದಿಲ್ಲ" ಎಂದ ಆ ಮಗಳನ್ನು ಕೂರಿಸಿಕೊಂಡು ಇದನ್ನು ತೋರಿಸೆಂದು ಆ ತಾಯಿಗೆ ಬರೆದಿದ್ದೇವೆ.

ಎಚ್ಚರಿಕೆಯ ಮಾತುಗಳು ಕೆಲವೇ. ಪ್ರಶ್ನೆ ಕೇಳಿದೊಡನೆ ಉತ್ತರ ಬರೆದುಕೊಡುವ ಯಂತ್ರಗಳು ಈಗ ಮನೆಮನೆಗೂ ಬಂದಿವೆ. ಅವು ವಾಷಿಂಗ್ಟನ್ನನೋ ಲಿಂಕನ್ನನೋ ಎಂದೂ ಆಡದ ಮಾತನ್ನು ಅವರ ಬಾಯಲ್ಲಿಟ್ಟು ಹೇಳುವುದುಂಟು. ಅಂಥ ಮಾತು ಮೂಲಪತ್ರದಲ್ಲಿ ಇದೆಯೇ ಎಂದು ನೋಡುವ ಅಭ್ಯಾಸವನ್ನು ಮಗುವಿಗೆ ಹತ್ತಿಸಬೇಕು. ವಾಷಿಂಗ್ಟನ್, ಜೆಫರ್ಸನ್ ಮೊದಲಾದವರ ಪತ್ರಗಳನ್ನು 'ಫೌಂಡರ್ಸ್ ಆನ್‌ಲೈನ್' ಎಂಬ ತಾಣದಲ್ಲಿ ಶಬ್ದ ಕೊಟ್ಟು ಹುಡುಕಬಹುದು. ಹದಿಮೂರು ವರುಷದೊಳಗಿನ ಮಕ್ಕಳ ವಿವರಗಳನ್ನು ತಂದೆತಾಯಿಗಳ ಸಮ್ಮತಿಯಿಲ್ಲದೆ ಸಂಗ್ರಹಿಸಕೂಡದೆಂದು ಅಮೇರಿಕೆಯಲ್ಲಿ 1998ರ ಕಾನೂನೇ ಇದೆ. ಹೆಸರು ವಿಳಾಸ ಕೇಳುವ ತಾಣವನ್ನು ಕಂಡರೆ ಮುಚ್ಚಿಬಿಡುವುದೇ ಸರಿ.

ಕಡೆಯದಾಗಿ, ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ವಿಶೇಷವಾಗಿ ಒಪ್ಪುವ ಒಂದು ಕೆಲಸವನ್ನು ಹೇಳಬೇಕಾಗಿದೆ. ಲೈಬ್ರರಿ ಆಫ್ ಕಾಂಗ್ರೆಸ್ಸಿನವರು 2018ರಲ್ಲಿ 'ಬೈ ದಿ ಪೀಪಲ್' ಎಂಬ ಏರ್ಪಾಡನ್ನು ಆರಂಭಿಸಿ, ಕೈಬರೆಹದ ಹಳೆಯ ಪತ್ರಗಳನ್ನು ಓದಿ ಅಚ್ಚಿನ ಅಕ್ಷರಕ್ಕೆ ಇಳಿಸಿಕೊಡುವಂತೆ ಸಾರ್ವಜನಿಕರನ್ನು ಕೇಳಿಕೊಂಡರು. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿ, 1872ರಲ್ಲಿ ಮತ ಹಾಕಿದ ತಪ್ಪಿಗೆ ನೂರು ಡಾಲರ್ ದಂಡ ವಿಧಿಸಲ್ಪಟ್ಟು, ಅದನ್ನು ಕೊನೆಯವರೆಗೂ ಕೊಡದೆಹೋದ ಸೂಸನ್ ಆಂಥೊನಿಯ ಕಾಗದಗಳೂ ಅವುಗಳಲ್ಲಿದ್ದವು. ಅಮೇರಿಕೆಯ ಅನೇಕ ಶಾಲೆಗಳಲ್ಲಿ ಕೂಡಕ್ಷರದ ಬರವಣಿಗೆಯನ್ನು ಕಲಿಸುವುದನ್ನು ಬಿಟ್ಟುದರಿಂದ ಅಲ್ಲಿನ ಮಕ್ಕಳಲ್ಲಿ ಎಷ್ಟೋ ಮಂದಿಗೆ ಆ ಪತ್ರಗಳು ಪರಭಾಷೆಯ ಹಾಗೆ ಕಾಣುತ್ತವೆ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ವರುಷಗಟ್ಟಲೆ ತಿದ್ದಿದ ನಮ್ಮ ಹೆಣ್ಣುಮಕ್ಕಳಿಗೆ ಅವು ಸುಲಭ. ಈ ಕೆಲಸಕ್ಕೆ ಆ ದೇಶದಲ್ಲಿ ವಾಸವಾಗಿರಬೇಕೆಂಬ ನಿಯಮವಿಲ್ಲ. ಇಲ್ಲಿರುವ ಅಜ್ಜಿಯೂ ಅಲ್ಲಿರುವ ಮೊಮ್ಮಗಳೂ ಭಾನುವಾರದ ದಿನ ದೂರವಾಣಿಯಲ್ಲಿ ಮಾತಾಡುವಾಗ ಒಂದೇ ಪುಟವನ್ನು ತೆರೆದಿಟ್ಟುಕೊಂಡು, ಅಜ್ಜಿಯು ಓದಿ ಹೇಳಿದ್ದನ್ನು ಮೊಮ್ಮಗಳು ಅಕ್ಷರಕ್ಕೆ ಇಳಿಸಬಹುದು.