ಅರಿಯೋಪಾಗಸ್: ಕೊಲೆ ಮೊಕದ್ದಮೆಗಳ ಗುಡ್ಡ

ಅಥೆನ್ಸ್‌ನ ಅಕ್ರೊಪೊಲಿಸ್‌ನಿಂದ ವಾಯವ್ಯಕ್ಕೆ ಕೂಗಳತೆಯಲ್ಲಿ ಸುಣ್ಣಕಲ್ಲಿನ ಬೋಳುಗುಡ್ಡವೊಂದಿದೆ. ಸಮುದ್ರಮಟ್ಟದಿಂದ ಎತ್ತರ ಸುಮಾರು 115 ಮೀಟರ್. ಇದೇ ಅರಿಯೋಪಾಗಸ್, ಯುದ್ಧದೇವತೆ ಏರೀಸ್‌ನ ಗುಡ್ಡ. ಪೊಸೈಡನ್‌ನ ಮಗನನ್ನು ಕೊಂದ ಏರೀಸ್‌ನನ್ನು ದೇವತೆಗಳು ಇಲ್ಲಿಯೇ ವಿಚಾರಿಸಿದರೆಂಬುದು ಪುರಾಣ. ಇಲ್ಲಿ ಸೇರುತ್ತಿದ್ದ ಹಿರಿಯರ ಸಭೆಗೂ ಗುಡ್ಡದ ಹೆಸರೇ ನಿಂತಿತು.

ಈ ಸಭೆಗೆ ನೇರ ಚುನಾವಣೆ ಇರಲಿಲ್ಲ. ಅಥೆನ್ಸ್‌ನಲ್ಲಿ ವರ್ಷಕ್ಕೆ ಒಂಬತ್ತು ಮಂದಿ ಆರ್ಕಾನ್‌ಗಳು ಅಧಿಕಾರ ನಡೆಸುತ್ತಿದ್ದರು. ಅವಧಿ ಮುಗಿದಾಗ ಅವರ ಲೆಕ್ಕಪತ್ರ, ನಡತೆಗಳ ತಪಾಸಣೆಯಾಗುತ್ತಿತ್ತು. ಅದರಲ್ಲಿ ಪಾರಾದವರು ಸಭೆಗೆ ಸೇರಿ, ಸಾಯುವವರೆಗೂ ಸದಸ್ಯರಾಗಿ ಉಳಿಯುತ್ತಿದ್ದರು. ಆದ್ದರಿಂದ ಆರ್ಕಾನ್ ಆಗಬಲ್ಲವರು ಯಾರೆಂಬುದರ ಮೇಲೆ ಸಭೆಯ ಸ್ವರೂಪವೇ ನಿಂತಿತ್ತು. ಆ ಹುದ್ದೆ ಮೊದಲು ಕುಲೀನರ ಸೊತ್ತು. ಕ್ರಿ.ಪೂ. 594ರಲ್ಲಿ ಶಾಸನಕಾರ ಸೋಲನ್ ಹುಟ್ಟಿನ ಬದಲು ಆಸ್ತಿಯನ್ನು ಅರ್ಹತೆಯಾಗಿಸಿದ. ಕ್ರಿ.ಪೂ. 487ರಿಂದ ಚೀಟಿ ಎತ್ತಿ ಆರಿಸುವ ಪದ್ಧತಿ ಬಂತು. ಅದೃಷ್ಟದಿಂದ ಬಂದವರ ಸಭೆಗೆ ಹಿಂದಿನ ವರ್ಚಸ್ಸು ಉಳಿಯುವುದು ಕಷ್ಟವೇ. ಕ್ರಿ.ಪೂ. 462ರಲ್ಲಿ ರಾಜಕಾರಣಿ ಎಫಿಯಾಲ್ಟಿಸ್ ಅದರ ರಾಜಕೀಯ ಅಧಿಕಾರವನ್ನು ಬಹುಪಾಲು ಕಿತ್ತುಕೊಂಡ. ಸ್ವಲ್ಪ ಕಾಲದಲ್ಲೇ ಅವನ ಕೊಲೆಯಾಯಿತು. ಕ್ರಿ.ಪೂ. 457ರಲ್ಲಿ ಮೂರನೆಯ ಆಸ್ತಿವರ್ಗದ ರೈತರಿಗೂ ಆರ್ಕಾನ್ ಹುದ್ದೆಯ ಬಾಗಿಲು ತೆರೆಯಿತು.

ಸಭೆಗೆ ಉಳಿದದ್ದು ಉದ್ದೇಶಪೂರ್ವಕ ಕೊಲೆ, ಕೊಲ್ಲುವ ಉದ್ದೇಶದಿಂದ ಗಾಯಗೊಳಿಸುವುದು, ವಿಷಪ್ರಾಶನ, ಬೆಂಕಿ ಹಚ್ಚುವುದು ಮುಂತಾದ ಮೊಕದ್ದಮೆಗಳು. ಅಥೀನಾ ದೇವಿಗೆ ಮೀಸಲಾದ ಆಲಿವ್ ಮರಗಳ ಪ್ರಕರಣಗಳೂ ಇಲ್ಲಿಗೇ ಬರುತ್ತಿದ್ದವು. ತನ್ನ ಜಮೀನಿನಲ್ಲಿದ್ದ ಅಂಥ ಮರದ ಬೊಡ್ಡೆಯನ್ನು ಕೀಳಿಸಿದನೆಂಬ ಆರೋಪ ಹೊತ್ತವನೊಬ್ಬನಿಗೆ ಭಾಷಣಗಳನ್ನು ಬರೆದುಕೊಡುತ್ತಿದ್ದ ಲಿಸಿಯಾಸ್ ರಚಿಸಿದ ವಾದ ಇಂದಿಗೂ ಓದಲು ಸಿಗುತ್ತದೆ. ಒಂದು ಬೊಡ್ಡೆಗಾಗಿ ಅವನು ಗಡಿಪಾರು, ಆಸ್ತಿ ಮುಟ್ಟುಗೋಲುಗಳ ಭಯದಲ್ಲಿ ನಿಂತಿದ್ದ.

ಕೊಲೆಯ ವಿಚಾರಣೆ ನಡೆಯುತ್ತಿದ್ದುದು ಬಯಲಿನಲ್ಲಿ. ಕೊಲೆಗಾರನಿಗೆ ಮೈಲಿಗೆಯೆಂಬ ನಂಬಿಕೆಯಿದ್ದುದರಿಂದ ನ್ಯಾಯಾಧೀಶರು ಅವನೊಡನೆ ಒಂದೇ ಸೂರಿನಡಿ ಕೂರುತ್ತಿರಲಿಲ್ಲ. ಅಧ್ಯಕ್ಷತೆ ವಹಿಸಿದ ಆರ್ಕಾನ್ ತಲೆಯ ಮೇಲಿನ ಹೂಮಾಲೆ ತೆಗೆದಿಡುತ್ತಿದ್ದ. ಆರೋಪಿಯೂ ದೂರುದಾರನೂ ಎರಡು ಒರಟು ಕಲ್ಲುಗಳ ಮೇಲೆ ನಿಲ್ಲುತ್ತಿದ್ದರೆಂದು ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ. ಇಬ್ಬರಿಗೂ ಎರಡೆರಡು ಬಾರಿ ಮಾತನಾಡುವ ಅವಕಾಶ. ಮೊದಲ ಮಾತು ಮುಗಿದ ಮೇಲೆ, ಗೆಲ್ಲುವ ನಂಬಿಕೆಯಿಲ್ಲದ ಆರೋಪಿ ಊರು ಬಿಟ್ಟು ಹೋಗಬಹುದಿತ್ತು, ಯಾರೂ ತಡೆಯುವಂತಿರಲಿಲ್ಲ. ಮತಗಳು ಸಮವಾದರೆ ಬಿಡುಗಡೆ.

ರೋಮನ್ನರ ಕಾಲದಲ್ಲಿ ಸಭೆ ಮತ್ತೆ ಬಲವಾಯಿತು. ಸಂತ ಪೌಲ ಇಲ್ಲಿ ಮಾತನಾಡಿದ ಪ್ರಸಂಗ ಬೈಬಲಿನಲ್ಲಿದೆ. ಆ ಭಾಷಣದ ಕಂಚಿನ ಫಲಕ ಬಂಡೆಯ ಬುಡದಲ್ಲಿದೆ. ಕಲ್ಲಿನಲ್ಲಿ ಕಡೆದ ಹಳೆಯ ಮೆಟ್ಟಿಲುಗಳು ಸವೆದು ಜಾರುವುದರಿಂದ ಪಕ್ಕದಲ್ಲೇ ಲೋಹದ ಏಣಿಮೆಟ್ಟಿಲು ಹಾಕಲಾಗಿದೆ. ಇಂದಿನ ಗ್ರೀಸ್‌ನಲ್ಲಿ ಸಿವಿಲ್ ಮತ್ತು ಕ್ರಿಮಿನಲ್ ಮೊಕದ್ದಮೆಗಳ ಸರ್ವೋಚ್ಚ ನ್ಯಾಯಾಲಯಕ್ಕೂ ಅರಿಯೋಪಾಗಸ್ ಎಂದೇ ಹೆಸರು. ಅದರ ಕಟ್ಟಡ ಇರುವುದು ನಗರದ ಅಲೆಕ್ಸಾಂಡ್ರಾಸ್ ರಸ್ತೆಯಲ್ಲಿ.