ಅಜ್ಜಿಯ ಮಾತ್ರೆ ಅಜ್ಜಿಗಷ್ಟೇ

ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಪುಟ್ಟ ಮಾತ್ರೆ ನುಂಗಿ, ಕಾಫಿಗಾಗಿ ಗಡಿಯಾರ ನೋಡುತ್ತಾ ಕೂರುವ ಅಜ್ಜಿ ನಿಮ್ಮ ಮನೆಯಲ್ಲೂ ಇದ್ದಾರೆಯೇ? ಅದು ಥೈರಾಯ್ಡ್ ಮಾತ್ರೆ. "ಇದು ಶುರುವಾದ ಮೇಲೆ ಮೈ ಸ್ವಲ್ಪ ಇಳೀತು ಕಣೇ" ಎಂದು ಅಜ್ಜಿ ಹೇಳಿದ್ದು ಮೊಮ್ಮಗಳ ಕಿವಿಗೆ ಬಿದ್ದಿರುತ್ತದೆ. ಅದೇ ದಿನ ಶಾಲೆಯಲ್ಲಿ ಯಾರೋ "ಡುಮ್ಮಿ" ಎಂದಿದ್ದರೆ, ನಾನೂ ಒಂದು ನುಂಗಲೇ ಎನ್ನಿಸಬಹುದು. ಬೇಡ ಪುಟ್ಟಿ, ಮೊದಲು ಈ ಕಥೆ ಕೇಳು.

ನಮ್ಮ ಕುತ್ತಿಗೆಯ ಮುಂದೆ ಚಿಟ್ಟೆಯಾಕಾರದ ಥೈರಾಯ್ಡ್ ಗ್ರಂಥಿಯಿದೆ. ಅದರ ಹಾರ್ಮೋನು ದೇಹದ ಒಲೆಯ ಉರಿಯನ್ನು ಹದದಲ್ಲಿಡುತ್ತದೆ. ಉರಿ ತೀರಾ ತಗ್ಗಿದರೆ ಸುಸ್ತು, ಚಳಿ, ಮೈ ಊತ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರ್ರೆ, ಹೀಗೆ ಬಳಲುತ್ತಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್ ಸಾರದ ಇಂಜೆಕ್ಷನ್ ಕೊಟ್ಟರು. ಆಕೆ ಚೇತರಿಸಿಕೊಂಡು 74ರವರೆಗೆ ಬದುಕಿದರು. ಅಷ್ಟು ವರ್ಷದ ಔಷಧಿಗೆ ಬೇಕಾದ ಕುರಿಗಳು 870ಕ್ಕೂ ಹೆಚ್ಚು!

ರೋಗಿಗಳ ಊತ ಇಳಿದದ್ದನ್ನು ಕಂಡು ಕಾಯಿಲೆಯಿಲ್ಲದವರಿಗೂ ಆಸೆ ಹುಟ್ಟಿತು. ಮುಂದೆ ಅಮೆರಿಕದಲ್ಲಿ ಥೈರಾಯ್ಡ್, ಹೃದಯದ ಔಷಧಿ, ಮೂತ್ರ ಹೆಚ್ಚಿಸುವ ಔಷಧಿ ಎಲ್ಲವನ್ನೂ ಸೇರಿಸಿ ಬಣ್ಣಬಣ್ಣದ 'ಕಾಮನಬಿಲ್ಲಿನ ಮಾತ್ರೆ'ಗಳನ್ನು ಕೊಡತೊಡಗಿದರು. ಕೆಲವರು ಸತ್ತರು. 1968ರಲ್ಲಿ ಸರ್ಕಾರ ಅವನ್ನು ಮುಟ್ಟುಗೋಲು ಹಾಕಿಕೊಂಡಿತು.

ಗ್ರಂಥಿ ಸರಿಯಿರುವವರು ಸ್ವಲ್ಪ ನುಂಗಿದರೆ ಏನಾಗುತ್ತದೆ? ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಲೆಕ್ಕದಲ್ಲಿ ಬಲು ಚುರುಕು. ಹೊರಗಿನಿಂದ ಬಂದಷ್ಟನ್ನು ಒಳಗಿನ ತಯಾರಿಕೆಯಲ್ಲಿ ಕಡಿತ ಮಾಡಿಸುತ್ತದೆ. ತೂಕ ಅಲ್ಲೇ! ಇನ್ನೂ ಹೆಚ್ಚು ನುಂಗಿದರೆ ಒಲೆ ಧಗಧಗ ಉರಿಯುತ್ತದೆ. ಎದೆ ಡವಡವ, ಕೈ ನಡುಕ, ಬೆವರು, ನಿದ್ದೆಯಿಲ್ಲ. ಕರಗುವುದು ಕೊಬ್ಬು ಮಾತ್ರವಲ್ಲ, ಮಾಂಸಖಂಡವೂ ಹೌದು. ವಯಸ್ಸಾದವರಲ್ಲಿ ಹೃದಯದ ತಾಳ ತಪ್ಪಿ ಪಾರ್ಶ್ವವಾಯು ಬಡಿಯಬಹುದು, ಮೂಳೆ ಸವೆಯಬಹುದು. ಈ ಮಾತ್ರೆಯ ಅಳತೆ ಮೈಕ್ರೋಗ್ರಾಂನಲ್ಲಿ, ಎಂದರೆ ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲು. ಅಂದಾಜಿನ ಆಟ ಇಲ್ಲಿ ನಡೆಯದು.

ಅಜ್ಜಿ-ತಾತಂದಿರಿಗೂ ಒಂದು ಮಾತು. ತೂಕ ಇಳಿಯಲಿಲ್ಲವೆಂದು ಒಂದಕ್ಕೆ ಎರಡು ನುಂಗಬೇಡಿ, ಪಕ್ಕದ ಮನೆಯವರಿಗೂ ಹಂಚಬೇಡಿ. ರಕ್ತಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದಷ್ಟೇ ಸಾಕು. ಡಬ್ಬಿ ಮಕ್ಕಳ ಕೈಗೆ ಎಟುಕದಿರಲಿ. ಯಾರಾದರೂ ನುಂಗಿದ್ದು ಗೊತ್ತಾದರೆ, ಆಡಿಕೊಂಡೇ ಇದ್ದಾರಲ್ಲ ಎಂದು ಸುಮ್ಮನಾಗಬೇಡಿ. ಇದರ ತೊಂದರೆ ಕೆಲವು ದಿನ ಕಳೆದ ಮೇಲೂ ಕಾಣಿಸಿಕೊಳ್ಳಬಹುದು. ಬಯ್ಯದೆ, ಎಷ್ಟು ನುಂಗಿದೆ ಎಂದು ಕೇಳಿ, ಮಾತ್ರೆಯ ಪಟ್ಟಿಯನ್ನೂ ಹಿಡಿದುಕೊಂಡು ಅಂದೇ ಆಸ್ಪತ್ರೆಗೆ ಹೊರಡಿ.